ಹಣ್ಣಿನ ಜಾಮಿಗೆ ಹೂವಿನ ಘಮ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ಹಣ್ಣಿನ ಜಾಮಿಗೆ ಹೂ ಬೆರೆಸುವ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆರಿಸಿದ್ದೇವೆ. ಎಲ್ಲ ಅಳತೆಯೂ ಒಂದು ಕಿಲೋ ಹಣ್ಣಿಗೆ.

ಮಾವಿನ ಜಾಮಿಗೆ ಗುಲಾಬಿ ದಳ ಹಾಕಿ ಕುದಿಸಿದೆ. ಕುದಿಯುವಾಗ ಮನೆಯೆಲ್ಲ ಘಮಘಮ. ಮಾರನೇ ದಿನ ಬಾಟಲಿ ತೆಗೆದರೆ ಪರಿಮಳವೇ ಇಲ್ಲ, ದಳಗಳು ಮಾತ್ರ ಚರ್ಮದ ಹಾಗೆ ಗಟ್ಟಿ. ತಪ್ಪಿದ್ದೆಲ್ಲಿ? (ಕೋಲಾರದಿಂದ)

ಮನೆಯೆಲ್ಲ ಹರಡಿದ ಆ ಘಮವೇ ಬಾಟಲಿಯಲ್ಲಿ ಇರಬೇಕಾಗಿದ್ದದ್ದು. ಗುಲಾಬಿಯ ಪರಿಮಳ ಆವಿಯ ಜೊತೆ ಹಾರಿಹೋಗುತ್ತದೆ. ಅರ್ಧ ಗಂಟೆ ಕುದಿಸಿದರೆ ಉಳಿಯುವುದು ನಾರು ಮಾತ್ರ. ದಳ ಗಟ್ಟಿಯಾಗಲು ಕಾರಣ ಬೇರೆ: ಹಸಿ ದಳ ನೇರವಾಗಿ ಸಕ್ಕರೆ ಪಾಕಕ್ಕೆ ಬಿದ್ದರೆ ಸಕ್ಕರೆ ಅದರ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಮೆತ್ತಗಾಗದು. ಹಾಗಾಗಿ ಹಣ್ಣಿನ ಕೆಲಸ ಮುಗಿಯುತ್ತ ಬಂದ ಮೇಲೆಯೇ ಹೂ ಪಾತ್ರೆಗೆ ಇಳಿಯಬೇಕು, ಅದೂ ಮೊದಲೇ ಮೆತ್ತಗಾಗಿ.

ಹಿಂದಿನ ರಾತ್ರಿ 40 ಗ್ರಾಂ ಪನ್ನೀರು ಗುಲಾಬಿ ದಳ ತೂಗಿಕೊಳ್ಳಿ. ದಳದ ಬುಡದಲ್ಲಿ ಉಗುರಿನಷ್ಟು ಬಿಳಿ ಭಾಗ ಇರುತ್ತದೆ. ಅದು ಕಹಿ, ಕತ್ತರಿಯಿಂದ ತೆಗೆದುಬಿಡಿ. ತೊಳೆದು ಬಟ್ಟೆಯ ಮೇಲೆ ನೀರಾರಲು ಬಿಡಿ. ಅರ್ಧದಷ್ಟನ್ನು 100 ಗ್ರಾಂ ಸಕ್ಕರೆಯೊಂದಿಗೆ ಮಿಕ್ಸಿಯಲ್ಲಿ ತರಿತರಿಯಾಗಿ ತಿರುಗಿಸಿ, ಮುಚ್ಚಿಡಿ. ಉಳಿದ ಅರ್ಧವನ್ನು ಬೆಳಿಗ್ಗೆ ಸಣ್ಣಗೆ ಹೆಚ್ಚಿ, ಮೂರು ಚಮಚ ಕುದಿನೀರಲ್ಲಿ ಐದು ನಿಮಿಷ ಮುಚ್ಚಿಟ್ಟು, ಒಂದು ಚಮಚ ನಿಂಬೆರಸ ಹಿಂಡಿ. ಬಣ್ಣಗೆಟ್ಟು ಮಂಕಾಗಿದ್ದ ದಳ ಹುಳಿ ತಾಗಿದ ಕೂಡಲೇ ಮತ್ತೆ ಗುಲಾಬಿಯಾಗುತ್ತದೆ.

ಹಣ್ಣು ಮೂರು ಪಾಲು ರಸಪುರಿ ಅಥವಾ ಬಾದಾಮಿ, ಒಂದು ಪಾಲು ದೋರೆಗಾಯಿ ತೋತಾಪುರಿ ಇರಲಿ. ಚೆನ್ನಾಗಿ ಹಣ್ಣಾದ ಮಾವಿನಲ್ಲಿ ಜಾಮನ್ನು ಹಿಡಿದಿಡುವ ಪೆಕ್ಟಿನ್ ಕಡಿಮೆ, ಹುಳಿಯೂ ಕಡಿಮೆ. ದೋರೆಗಾಯಿ ಎರಡನ್ನೂ ತುಂಬಿಕೊಡುತ್ತದೆ. ತಳ ದಪ್ಪಗಿರುವ ಅಗಲವಾದ ಸ್ಟೀಲ್ ಪಾತ್ರೆಯನ್ನು ಮೊದಲು ಖಾಲಿ ತೂಗಿ ತೂಕ ಬರೆದಿಡಿ. ಒಂದು ಕಿಲೋ ತಿರುಳನ್ನು ಹತ್ತು ನಿಮಿಷ ಬೇಯಿಸಿ. ಆಮೇಲೆ 650 ಗ್ರಾಂ ಸಕ್ಕರೆ, ಎರಡು ಚಮಚ ನಿಂಬೆರಸ ಹಾಕಿ ಉರಿ ಜೋರು ಮಾಡಿ, ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ಮಾವಿನ ಪಾಕ ಗಟ್ಟಿಯಾಗುತ್ತ ಬಂದಾಗ ಪಟಪಟನೆ ಸಿಡಿಯುತ್ತದೆ. ಉದ್ದ ಹಿಡಿಯ ಮರದ ಸೌಟು ಬೇಕು, ಕೈಗೆ ಬಟ್ಟೆ ಸುತ್ತಿಕೊಳ್ಳಿ. ಸೌಟೆತ್ತಿದರೆ ಹನಿ ಧಾರೆಯಾಗಿ ಹರಿಯದೆ ಅಂಚಿನಲ್ಲಿ ಎರಡು ಮೂರು ಹನಿ ಕೂಡಿಕೊಂಡು ಪದರವಾಗಿ ಜಾರತೊಡಗಿದಾಗ ಗುಲಾಬಿ ಸಕ್ಕರೆ ಸೇರಿಸಿ, ಮತ್ತೆರಡು ನಿಮಿಷಕ್ಕೆ ನೆನೆಸಿದ ದಳ ಮತ್ತು ಇನ್ನೊಂದು ಚಮಚ ನಿಂಬೆರಸ. ಮೂರು ನಿಮಿಷ ಕುದಿಸಿ ಇಳಿಸಿ.

ಸಾಕಾಯಿತೋ ಇಲ್ಲವೋ ಎನ್ನುವುದಕ್ಕೆ ತಕ್ಕಡಿಯಷ್ಟು ನಂಬಿಕೆಯ ಸಾಕ್ಷಿ ಇನ್ನೊಂದಿಲ್ಲ. ಮಾವಿನ ತಿರುಳಿನಲ್ಲೇ ಸುಮಾರು 160 ಗ್ರಾಂ ಕರಗಿದ ಸಿಹಿ–ಹುಳಿ ಇರುತ್ತದೆ, ನಾವು ಹಾಕಿದ್ದು 750 ಗ್ರಾಂ. ಜಾಮು ಕೆಡದೆ ಉಳಿಯಲು ಅದರ ಶೇ 65ರಿಂದ 68ರಷ್ಟು ಇದೇ ಇರಬೇಕು. ಲೆಕ್ಕ ಹಾಕಿದರೆ ಪಾತ್ರೆಯ ತೂಕ ಕಳೆದು 1,350ರಿಂದ 1,400 ಗ್ರಾಂ ಉಳಿದಾಗ ಜಾಮು ಮುಗಿದಿದೆ.

ಪುಸ್ತಕದಲ್ಲಿ 105 ಡಿಗ್ರಿ ಎಂದಿತ್ತು. ಥರ್ಮಾಮೀಟರ್ ಇಟ್ಟು ಅಷ್ಟಕ್ಕೇ ಇಳಿಸಿದರೂ ಜಾಮು ಚಿಕ್ಕಿ ಪಾಕದಂತೆ ಗಟ್ಟಿಯಾಯಿತು. (ಬೆಂಗಳೂರಿನಿಂದ)

ಆ 105 ಡಿಗ್ರಿ ಸಮುದ್ರಮಟ್ಟದ ಲೆಕ್ಕ. ಮಂಗಳೂರಿಗೆ, ಕಾರವಾರಕ್ಕೆ ಸರಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಜಾಮಿಗೆ ಬೇಕಾದದ್ದು ನೀರು ಕುದಿಯುವ ಬಿಂದುವಿಗಿಂತ ನಾಲ್ಕೂವರೆಯಿಂದ ಐದು ಡಿಗ್ರಿ ಹೆಚ್ಚು. ಎಂದರೆ ನಿಮ್ಮಲ್ಲಿ 102ಕ್ಕೆ ಇಳಿಸಬೇಕಿತ್ತು. 105ಕ್ಕೆ ಹೋಗುವಷ್ಟರಲ್ಲಿ ಸಕ್ಕರೆಯ ಅಂಶ ಶೇ 75 ದಾಟಿರುತ್ತದೆ, ಅದು ಜಾಮಲ್ಲ, ಮಿಠಾಯಿ. ಮಡಿಕೇರಿಯವರು 101ಕ್ಕೇ ಇಳಿಸಬೇಕು. ಮೊದಲು ಬರೀ ನೀರು ಕುದಿಸಿ ನಿಮ್ಮ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ನೋಡಿಕೊಳ್ಳಿ. ಅದಕ್ಕೆ ಐದು ಕೂಡಿಸಿದರೆ ಉಪಕರಣದ ದೋಷವೂ ಕಳೆದುಹೋಗುತ್ತದೆ.

ಥರ್ಮಾಮೀಟರ್ ಇಲ್ಲದವರು ಸ್ಟೀಲ್ ತಟ್ಟೆಯನ್ನು ಫ್ರೀಜರಿನಲ್ಲಿಟ್ಟು, ಅದರ ಮೇಲೆ ಅರ್ಧ ಚಮಚ ಜಾಮು ಬಿಟ್ಟು ಒಂದು ನಿಮಿಷ ಕಾಯಿರಿ. ಬೆರಳಿನಿಂದ ತಳ್ಳಿದರೆ ಮೇಲೆ ಸುಕ್ಕು ಮೂಡಬೇಕು. ಹೀಗೆ ಪರೀಕ್ಷಿಸುವಾಗ ಒಲೆ ಆರಿಸಿರಿ, ಆ ಒಂದು ನಿಮಿಷದಲ್ಲೇ ಪಾಕ ಏರಿಹೋಗುತ್ತದೆ. ಗಟ್ಟಿಯಾದ ಬಾಟಲಿಯನ್ನು ಎಸೆಯಬೇಡಿ. ಅರ್ಧ ಲೋಟ ನೀರು, ಒಂದು ಚಮಚ ನಿಂಬೆರಸ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ ಮತ್ತೆ 102ಕ್ಕೆ ತನ್ನಿ. ಹೂವಿನ ಪರಿಮಳ ಮಾತ್ರ ಮರಳಿ ಬಾರದು.

ನಮ್ಮದು ಅನಾನಸಿನ ಊರು. ದಾಸವಾಳ ಹಾಕಿ ಕೆಂಪು ಜಾಮು ಮಾಡಲು ಹೋದರೆ ಕಂದು ಬಣ್ಣ ಬಂತು, ಲೋಳೆಲೋಳೆಯೂ ಆಯಿತು. ಶಂಖಪುಷ್ಪ ಹಾಕಬಹುದೇ? (ಬನವಾಸಿಯಿಂದ)

ದಾಸವಾಳದ ಕೆಂಪು ಶಾಖಕ್ಕೆ ನಿಲ್ಲುವುದಿಲ್ಲ, ಹುಳಿಯಲ್ಲಿ ಮಾತ್ರ ಅರಳುತ್ತದೆ. ದಳವನ್ನು ಹಣ್ಣಿನ ಜೊತೆ ಬೇಯಿಸಿದರೆ ಬಣ್ಣ ಹೋಗಿ ಲೋಳೆ ಉಳಿಯುತ್ತದೆ. ಐದೆಸಳಿನ ಕೆಂಪು ದಾಸವಾಳ ಹನ್ನೆರಡು ತೆಗೆದುಕೊಂಡು, ತೊಟ್ಟು, ಹಸಿರು ಬಟ್ಟಲು, ನಡುವಿನ ಕೇಸರದ ಕಡ್ಡಿ ತೆಗೆದು, ದಳಗಳ ಮೇಲೆ ಕಾಲು ಲೋಟ ಕುದಿನೀರು ಹೊಯ್ಯಿರಿ. ಐದು ನಿಮಿಷಕ್ಕೆ ನೀರು ಮಸುಕು ನೇರಳೆಯಾಗುತ್ತದೆ. ಹಿಂಡದೆ ಸೋಸಿ, ಲೋಳೆ ಬರುವುದೇ ಹಿಂಡಿದಾಗ. ಇದಕ್ಕೆ ಎರಡು ಚಮಚ ನಿಂಬೆರಸ ಬಿದ್ದರೆ ಕಣ್ಣೆದುರೇ ಕಡುಗೆಂಪು. ಇಳಿಸುವ ಐದು ನಿಮಿಷ ಮೊದಲು ಜಾಮಿಗೆ ಸೇರಿಸಿ. ಅಲ್ಯುಮಿನಿಯಂ, ಕಬ್ಬಿಣದ ಪಾತ್ರೆ ಖಂಡಿತ ಬೇಡ.

ಅನಾನಸನ್ನು ತುರಿದು, ಸಕ್ಕರೆ ಹಾಕುವ ಮೊದಲೇ ಮುಚ್ಚಿ ಇಪ್ಪತ್ತು ನಿಮಿಷ ಬೇಯಿಸಿಕೊಳ್ಳಿ. ಸಕ್ಕರೆ ಬಿದ್ದ ಮೇಲೆ ನಾರು ಮೆತ್ತಗಾಗದು. ಇದರಲ್ಲೂ ಪೆಕ್ಟಿನ್ ಕಡಿಮೆ, ಆದ್ದರಿಂದ ನಾಲ್ಕು ನಿಂಬೆಯ ಬೀಜ ಮತ್ತು ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಜೊತೆಗೇ ಬೇಯಲು ಬಿಡಿ. ಕಡೆಗೆ ಗಂಟನ್ನು ಒತ್ತಿ ತೆಗೆಯಿರಿ. ಅಂಗಡಿಯ ಪೆಕ್ಟಿನ್ ಪುಡಿಯಾದರೆ 5 ಗ್ರಾಂ ಸಾಕು, ಐದು ಪಟ್ಟು ಸಕ್ಕರೆಯಲ್ಲಿ ಬೆರೆಸಿ ಉದುರಿಸದಿದ್ದರೆ ಗಂಟುಗಟ್ಟುತ್ತದೆ. ಸಕ್ಕರೆ ಇಲ್ಲಿಯೂ 750 ಗ್ರಾಂ. ಅನಾನಸಿನಲ್ಲಿ ನೀರು ಜಾಸ್ತಿ, ಕಡೆಯ ತೂಕ 1,300 ಗ್ರಾಂ ಆಸುಪಾಸು ಬರಬೇಕು. ನಿಮ್ಮ ಕಡೆ ಮುರುಗಲು ಸಿಗುತ್ತದಲ್ಲ, ನಿಂಬೆಯ ಬದಲು ಅದರ ಗಟ್ಟಿ ರಸ ಹಾಕಿದರೆ ಹುಳಿಯೂ ಕೆಂಪೂ ಒಟ್ಟಿಗೇ ಬರುತ್ತವೆ. ದಾಸವಾಳಕ್ಕಿಂತ ಅದೇ ಚೆಂದ ಎಂಬುದು ನಮ್ಮ ಅಭಿಪ್ರಾಯ.

ಶಂಖಪುಷ್ಪ ಬೇಡ. ಅದರ ನೀಲಿ ಹುಳಿಗೆ ನೇರಳೆಯಾಗುತ್ತದೆ. ಹಳದಿ ಹಣ್ಣಿನಲ್ಲಿ ನೇರಳೆ ಬೆರೆತರೆ ಕೆಸರಿನ ಬಣ್ಣ. ಬಿಳಿ ತಿರುಳಿನ ಸೀಬೆ, ಸೇಬಿಗೆ ಅದು ಒಪ್ಪುತ್ತದೆ.

ಪೇಟೆಯಲ್ಲಿ ಮೊಳ ಲೆಕ್ಕದಲ್ಲಿ ಸಿಗುವ ಮಲ್ಲಿಗೆ, ಬಿಡಿ ಗುಲಾಬಿ ಬಳಸಬಹುದೇ? ಯಾವ ಹೂ ತಿನ್ನಬಾರದು? (ಮೈಸೂರಿನಿಂದ)

ಬಳಸಬೇಡಿ. ಮುಡಿಯಲು, ಪೂಜೆಗೆಂದು ಬೆಳೆದ ಹೂವಿಗೆ ಮೊಗ್ಗು ಕೊರೆಯುವ ಹುಳಕ್ಕೆಂದು ಔಷಧಿ ಹೊಡೆದಿರುತ್ತಾರೆ. ತಿನ್ನುವ ಬೆಳೆಗೆ ಇರುವ ಎಚ್ಚರಿಕೆ ಅಲ್ಲಿರುವುದಿಲ್ಲ, ತೊಳೆದರೂ ಪೂರ್ತಿ ಹೋಗುವುದಿಲ್ಲ. ನರ್ಸರಿಯಿಂದ ಹೊಸದಾಗಿ ತಂದ ಗಿಡದ ಹೂವೂ ಬೇಡ. ಔಷಧಿ ಕಾಣದ ಮನೆಯ ಗಿಡದ್ದೇ ಆಗಬೇಕು.

ದುಂಡುಮಲ್ಲಿಗೆಯನ್ನು ಜಾಮಿನೊಳಗೆ ಹಾಕುವುದಕ್ಕಿಂತ ಸಕ್ಕರೆಗೆ ಪರಿಮಳ ಹಿಡಿಸುವುದು ಲೇಸು. ಸಂಜೆ ಬಿರಿಯಲಿರುವ ಮೊಗ್ಗುಗಳನ್ನು ಡಬ್ಬದಲ್ಲಿ ಒಂದು ಪದರ ಸಕ್ಕರೆ, ಒಂದು ಪದರ ಮೊಗ್ಗು ಎಂದು ಹರಡಿ ಮುಚ್ಚಿದರೆ, ರಾತ್ರಿ ಡಬ್ಬದೊಳಗೇ ಬಿರಿಯುತ್ತವೆ. ಬೆಳಿಗ್ಗೆ ಜರಡಿ ಹಿಡಿದು ಹೂ ತೆಗೆದುಬಿಡಿ. ಆ ಸಕ್ಕರೆಯನ್ನು ಕಡೆಯಲ್ಲಿ ಸೇರಿಸಿ.

ಕಣಗಿಲೆ (ಕೆಂಪು, ಬಿಳಿ, ಹಳದಿ ಯಾವುದೇ ಇರಲಿ), ಎಕ್ಕ, ದತ್ತೂರಿ, ಗೌರಿ ಹೂ, ನಿತ್ಯಪುಷ್ಪ ಇವೆಲ್ಲ ವಿಷ. ಕಣಗಿಲೆ ಹೃದಯದ ಬಡಿತವನ್ನೇ ಕೆಡಿಸುತ್ತದೆ, ಬೇಯಿಸಿದರೂ ವಿಷ ಇಳಿಯದು. ಅಲಂಕಾರಕ್ಕೆಂದು ಕೂಡ ತಟ್ಟೆಯಲ್ಲಿ ಇಡಬೇಡಿ. ಹೂವಿನ ಹೆಸರು ಖಚಿತವಿಲ್ಲದಿದ್ದರೆ ಅದು ದೇವರಿಗಿರಲಿ.

ಬೆಲ್ಲ ಹಾಕಬಹುದೇ? ಸಕ್ಕರೆ ಅರ್ಧಕ್ಕೆ ಇಳಿಸಿದರೆ? ಹೋದ ವರ್ಷದ ಬಾಟಲಿಯಲ್ಲಿ ಒಂದರಲ್ಲಿ ಸಕ್ಕರೆ ಹರಳು, ಒಂದರಲ್ಲಿ ಬೂಸ್ಟು. (ಧಾರವಾಡದಿಂದ)

ಬೆಲ್ಲದ ಘಮ ಗುಲಾಬಿಯನ್ನು ಮುಚ್ಚಿಹಾಕುತ್ತದೆ, ಬಣ್ಣವೂ ಕಂದಾಗುತ್ತದೆ. ಬೆಲ್ಲ ಬೇಕೇ ಬೇಕೆಂದರೆ ಹೂ ಬಿಡಿ. ಸಕ್ಕರೆಯನ್ನು 400 ಗ್ರಾಮಿಗೆ ಇಳಿಸಬಹುದು, ಆದರೆ ಅದು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರದೊಳಗೆ ಮುಗಿಸಬೇಕಾದ ಪದಾರ್ಥ.

ಹರಳುಗಟ್ಟುವುದು ಹುಳಿ ಸಾಲದ್ದಕ್ಕೆ. ಹುಳಿಯೊಂದಿಗೆ ಕುದಿಯುವಾಗ ಸಕ್ಕರೆಯ ಒಂದು ಭಾಗ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅವು ಹರಳು ಕಟ್ಟಲು ಬಿಡುವುದಿಲ್ಲ. ಅದಕ್ಕೇ ನಿಂಬೆರಸದ ಅರ್ಧ ಮೊದಲೇ ಬೀಳಬೇಕು. ಪೂರ್ತಿ ಮೊದಲೇ ಹಾಕಿದರೆ ಪೆಕ್ಟಿನ್ ಮುರಿಯುತ್ತದೆ, ಹುಳಿ ಅತಿಯಾದರೆ ಜಾಮು ನೀರು ಬಿಡುತ್ತದೆ.

ಬೂಸ್ಟಿಗೆ ಹೂವೇ ದಾರಿ ಮಾಡಿರಬಹುದು: ಅಂದಕ್ಕೆಂದು ಕಡೆಯಲ್ಲಿ ಹಸಿ ದಳ ಮೇಲಿಟ್ಟಿದ್ದಿರಾ? ದಳದ ತೇವ ಮೇಲ್ಪದರದ ಸಕ್ಕರೆಯನ್ನು ತೆಳುಮಾಡುತ್ತದೆ, ಬೂಸ್ಟಿಗೆ ಅಷ್ಟು ಸಾಕು. ಬೂಸ್ಟು ಬಂದ ಬಾಟಲಿಯನ್ನು ಮೇಲೆ ಕೆರೆದು ತಿನ್ನಬೇಡಿ, ಪೂರ್ತಿ ಚೆಲ್ಲಿ. ಮುಂದಿನ ಸಲ ಗಾಜಿನ ಬಾಟಲಿಗಳನ್ನು ನೀರಲ್ಲಿ ಹತ್ತು ನಿಮಿಷ ಕುದಿಸಿ, ಬಿಸಿಯಿರುವಾಗಲೇ ಬಿಸಿ ಜಾಮು ತುಂಬಿ, ಮೇಲೆ ಅರ್ಧ ಸೆಂಟಿಮೀಟರ್ ಜಾಗ ಬಿಟ್ಟು ಮುಚ್ಚಳ ಹಾಕಿ. ತಳದಲ್ಲಿ ಬಟ್ಟೆ ಹಾಸಿದ ಪಾತ್ರೆಯಲ್ಲಿ, ಮುಚ್ಚಳ ಮುಳುಗುವಷ್ಟು ಕುದಿನೀರಲ್ಲಿ ಮತ್ತೆ ಹತ್ತು ನಿಮಿಷ ಇಟ್ಟು ತೆಗೆಯಿರಿ. ಕತ್ತಲಿರುವ ಕಪಾಟಿನಲ್ಲಿಡಿ, ಬೆಳಕಿಗಿಟ್ಟರೆ ಹೂವಿನ ಬಣ್ಣ ಬೇಗ ಮಂಕಾಗುತ್ತದೆ.