ಪ್ರ: ಬಿಐಡಿ ಲೆವಿ ಕಟ್ಟಲೇಬೇಕಾ?

ಇಂಗ್ಲೆಂಡಿನಲ್ಲಿ ಕೆಫೆ ತೆರೆದಿದ್ದೀರಿ, ಬಿಸಿನೆಸ್ ರೇಟ್ಸ್ (ವ್ಯಾಪಾರದ ಜಾಗದ ಮೇಲಿನ ತೆರಿಗೆ) ಜೊತೆಗೆ ಬಿಐಡಿ ಲೆವಿ ಅಂತ ಇನ್ನೊಂದು ಬಿಲ್ ಬಂದಿದೆ, ಕಟ್ಟಲೇಬೇಕಾ ಅಂತ ಕೇಳಿದ್ದೀರಿ. ಹೌದು, ಕಟ್ಟಲೇಬೇಕು. ಬಿಐಡಿ ಅಂದರೆ ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್, ವ್ಯಾಪಾರಿಗಳೇ ಹಣ ಹಾಕಿ ತಮ್ಮ ಪ್ರದೇಶವನ್ನು ಸುಧಾರಿಸಿಕೊಳ್ಳುವ ವ್ಯವಸ್ಥೆ; ಲೆವಿ ಅಂದರೆ ಅದಕ್ಕೆ ಕಟ್ಟುವ ಶುಲ್ಕ. ನಿಮಗಿಂತ ಮೊದಲು ಅಲ್ಲಿದ್ದ ವ್ಯಾಪಾರಿಗಳು ಮತ ಹಾಕಿ ಒಪ್ಪಿರುವ ಹಣ ಅದು. ಬೇಡ ಅಂದವರಿಗೂ ವಿನಾಯಿತಿ ಇಲ್ಲ.

ಆದರೆ ಸುಮ್ನೆ ಹೇರಿದ್ದಲ್ಲ. ಮತ ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಬೇಕು. ಜೊತೆಗೆ, ಒಪ್ಪಿದವರ ಜಾಗಗಳ ಒಟ್ಟು ರೇಟಬಲ್ ವ್ಯಾಲ್ಯೂ (ತೆರಿಗೆಗಾಗಿ ಜಾಗಕ್ಕೆ ಕಟ್ಟಿದ ಬೆಲೆ) ಕೂಡ ವಿರೋಧಿಸಿದವರದ್ದಕ್ಕಿಂತ ಹೆಚ್ಚಿರಬೇಕು. ಹಾಗಾಗಿ ದೊಡ್ಡ ಸೂಪರ್‌ಮಾರ್ಕೆಟ್‌ಗಳೇ ಗೆಲ್ಲುವುದೂ ಆಗಲ್ಲ, ಚಿಕ್ಕ ಅಂಗಡಿಗಳೇ ತೀರ್ಮಾನಿಸುವುದೂ ಆಗಲ್ಲ. ಈ ನಿಯಮ ನನಗೆ ತುಂಬಾ ಇಷ್ಟ. ಬಿಐಡಿಯ ಒಂದು ಅವಧಿ ಹೆಚ್ಚೆಂದರೆ 5 ವರ್ಷ, ಆಮೇಲೆ ಮತ್ತೆ ಮತದಾನ.

ಹಣ ಆ ಪ್ರದೇಶಕ್ಕೇ ಖರ್ಚಾಗಬೇಕು: ಹೆಚ್ಚುವರಿ ಗುಡಿಸುವಿಕೆ, ಹೂಕುಂಡ, ಬೀದಿಯಲ್ಲಿ ಓಡಾಡುವ ಸಿಬ್ಬಂದಿ, ಹಬ್ಬದ ದೀಪ, ಪ್ರಚಾರ. ಕೌನ್ಸಿಲ್ (ಸ್ಥಳೀಯ ಆಡಳಿತ) ಮೊದಲಿಂದ ಮಾಡುತ್ತಿದ್ದ ಕೆಲಸದ ಮೇಲೆ ಇದು ಸೇರಬೇಕು, ಅದರ ಬದಲಿಗೆ ಅಲ್ಲ.

1970ರಲ್ಲಿ ಟೊರಾಂಟೊದ ಬ್ಲೂರ್ ವೆಸ್ಟ್ ವಿಲೇಜ್‌ನಲ್ಲಿ ಮಾಲ್‌ಗಳ ಪೈಪೋಟಿಗೆ ಸಿಕ್ಕಿದ ಅಂಗಡಿಯವರು ಈ ಬಿಐಡಿ ಪದ್ಧತಿಯನ್ನು ಶುರು ಮಾಡಿದರು. ಇಂಗ್ಲೆಂಡಿನಲ್ಲಿ ಇದಕ್ಕೆ ಅವಕಾಶ ಕೊಟ್ಟ 2003ರ ಕಾಯ್ದೆ ಬಂದ ಮೇಲೆ ಲಂಡನ್ನಿನ ಕಿಂಗ್‌ಸ್ಟನ್ ಅಪಾನ್ ಥೇಮ್ಸ್ ಮೊದಲಿಗೆ ಅಳವಡಿಸಿಕೊಂಡಿತು.

ಈಗ ಮಾಡಬೇಕಾದ್ದು: ನಿಮ್ಮ ಬಿಐಡಿಯ ಬಿಸಿನೆಸ್ ಪ್ಲಾನ್ ತರಿಸಿ ಓದಿ. ಚಿಕ್ಕ ಜಾಗಗಳಿಗೆ ವಿನಾಯಿತಿ ಇದೆಯಾ ನೋಡಿ, ಕೆಲವು ಕಡೆ ಇರುತ್ತದೆ. ಕೆಲಸ ಕಾಣದಿದ್ದರೆ ಸಭೆಗೆ ಹೋಗಿ ಲೆಕ್ಕ ಕೇಳಿ, ಮುಂದಿನ ಮತದಾನ ಯಾವಾಗ ಅಂತಲೂ ವಿಚಾರಿಸಿ.