ಹಳೆಯ ಡೆಸ್ಕ್‌ಟಾಪನ್ನು ಮನೆಯ ಫೈರ್‌ವಾಲ್ ಮತ್ತು ಸರ್ವರ್ ಆಗಿ ಜೋಡಿಸುವುದು ಹೇಗೆ?

ಖಂಡಿತ ಆಗುತ್ತದೆ. ಫೈರ್‌ವಾಲ್ ಅಂದರೆ ಹೊರಗಿನ ನೆಟ್ ಮತ್ತು ಮನೆಯ ಸಾಧನಗಳ ನಡುವಿನ ಕಾವಲುಗಾರ. ಎರಡು ನೆಟ್‌ವರ್ಕ್ ಪೋರ್ಟ್ ಬೇಕು. ಹಳೆಯ ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತದೆ, ಇನ್ನೊಂದು ಗಿಗಾಬಿಟ್ ಕಾರ್ಡ್ ಹಾಕಿಸಿ. ಯುಎಸ್‌ಬಿ ಅಡಾಪ್ಟರ್ ಬೇಡ, ದಿನವಿಡೀ ಓಡುವ ಕೆಲಸಕ್ಕೆ ಅದನ್ನು ನಂಬಲಾಗದು.

ಫೈಬರ್ ಪೆಟ್ಟಿಗೆಯ ಕೇಬಲ್ ಮೊದಲ ಪೋರ್ಟಿಗೆ. ಎರಡನೆಯದರಿಂದ ವೈಫೈ ರೌಟರಿನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಪೋರ್ಟಿಗೆ. ರೌಟರಿನ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಅದು ಬರೀ ವೈಫೈ ಕೊಟ್ಟರೆ ಸಾಕು. ಕಂಪ್ಯೂಟರಿಗೆ ಓಪಿಎನ್‌ಸೆನ್ಸ್ ಎಂಬ ಫೈರ್‌ವಾಲ್ ತಂತ್ರಾಂಶ ಹಾಕಿ. ಅದು ಉಚಿತ, 64 ಬಿಟ್ ಪ್ರೊಸೆಸರ್ ಇರಬೇಕು.

ಜಾಸ್ತಿ ಜನ ಎಡವುವುದು ವಿಳಾಸದಲ್ಲಿ. ಓಪಿಎನ್‌ಸೆನ್ಸ್ ತಾನಾಗಿ 192.168.1.1 ಹಿಡಿಯುತ್ತದೆ. ಎಷ್ಟೋ ಫೈಬರ್ ಪೆಟ್ಟಿಗೆಗಳ ವಿಳಾಸವೂ ಅದೇ! ನನ್ನ ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ಕೇಬಲ್, ಕಾರ್ಡ್ ಎಲ್ಲ ಸರಿಯಿತ್ತು, ನೆಟ್ ಮಾತ್ರ ಇಲ್ಲ. ಲ್ಯಾನ್ ವಿಳಾಸವನ್ನು 192.168.10.1 ಮಾಡಿದ ಕೂಡಲೇ ಬಂತು.

ಫೈಲ್ ಸರ್ವರನ್ನು ಫೈರ್‌ವಾಲ್ ಒಳಗೇ ತುರುಕಬೇಡಿ. 8 ಜಿಬಿ ರ‍್ಯಾಮ್ ಇದ್ದರೆ ಕಂಪ್ಯೂಟರಿಗೆ ನೇರವಾಗಿ ಓಪಿಎನ್‌ಸೆನ್ಸ್ ಬದಲು ಪ್ರಾಕ್ಸ್‌ಮಾಕ್ಸ್ (ಒಂದೇ ಕಂಪ್ಯೂಟರಿನೊಳಗೆ ಹಲವು ವರ್ಚುವಲ್ ಕಂಪ್ಯೂಟರ್ ಓಡಿಸುವ ತಂತ್ರಾಂಶ) ಹಾಕಿ, ಎರಡನ್ನೂ ಬೇರೆ ಬೇರೆ ವರ್ಚುವಲ್ ಯಂತ್ರಗಳಲ್ಲಿ ಓಡಿಸಿ. ಹೊರಗಿನಿಂದ ಫೈಲ್ ನೋಡಬೇಕಾ? ಸುಮ್ನೆ ಪೋರ್ಟ್ ತೆರೆಯಬೇಡಿ, ವೈರ್‌ಗಾರ್ಡ್ (ಮನೆಯ ನೆಟ್‌ವರ್ಕಿಗೆ ಸುರಕ್ಷಿತ ದಾರಿ ಕೊಡುವ ವಿಪಿಎನ್) ಬಳಸಿ.

ಕರೆಂಟ್ ಲೆಕ್ಕವನ್ನೂ ಹಾಕಿಕೊಳ್ಳಿ. 60 ವ್ಯಾಟ್ ಎಳೆಯುವ ಯಂತ್ರ ತಿಂಗಳಿಗೆ ಸುಮಾರು 43 ಯೂನಿಟ್ ತಿನ್ನುತ್ತದೆ.