‘ಹೂಂ ಮೇಡಂ’ ಅಂದು ಹೋಗುವ ಕ್ಲೈಂಟ್ ಜೊತೆ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಮಾಡಬಹುದಾ?

ನೀವು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಫೀಲ್ಡ್ ವರ್ಕ್‌ನಲ್ಲಿದ್ದೀರಿ. ಆತಂಕದಿಂದ ಮನೆ ಬಿಟ್ಟು ಹೊರಡೋಕೇ ಹೆದರುವ ಕ್ಲೈಂಟ್ ಒಬ್ಬರು ಹೇಳಿದ್ದಕ್ಕೆಲ್ಲ ‘ಹೂಂ ಮೇಡಂ’ ಅಂತಾರೆ, ಮುಂದಿನ ವಾರ ಬಂದರೆ ಏನೂ ಮಾಡಿರಲ್ಲ, ಇಲ್ಲಿ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್, ಅಂದರೆ ಬದಲಾಗೋಕೆ ಕಾರಣಗಳನ್ನು ಕ್ಲೈಂಟ್ ಬಾಯಿಂದಲೇ ಹೊರಡಿಸುವ ವಿಧಾನ, ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯುತ್ತೆ. ಆದರೆ ಇದೊಂದರಿಂದಲೇ ಆತಂಕ ವಾಸಿಯಾಗುತ್ತೆ ಅಂದುಕೊಳ್ಳಬೇಡಿ. ಚಿಕಿತ್ಸೆಗೆ ಅವರೇ ಮನಸ್ಸು ಮಾಡೋ ತನಕ ಜೊತೆಗಿರುವ ಮಾತುಕತೆ ಇದು.

ವಿಲಿಯಂ ಮಿಲ್ಲರ್ 1983ರಲ್ಲಿ ಇದರ ಬಗ್ಗೆ ಮೊದಲು ಬರೆದದ್ದು ಕುಡಿತದ ಸಮಸ್ಯೆ ಇರುವವರನ್ನು ಮುಂದಿಟ್ಟುಕೊಂಡು. ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಬೆಳೆಸಿದರು. ಕುಡಿಯುವವರಿಗೆ ಬಿಡಬೇಕು ಅಂತಲೂ ಇರುತ್ತೆ, ಬಿಡೋದು ಬೇಡ ಅಂತಲೂ ಇರುತ್ತೆ. ಆತಂಕದಲ್ಲೂ ಇಂಥ ಇಬ್ಬಂದಿ ಇದೆ, ಅದರ ಬಗೆ ಮಾತ್ರ ಬೇರೆ. ಭಯವಾದ ಕೂಡಲೇ ಬಸ್ ಇಳಿದುಬಿಟ್ಟರೆ ಎದೆಬಡಿತ ತಗ್ಗುತ್ತೆ. ಆ ಸಮಾಧಾನವೇ ಮುಂದಿನ ಸಲವೂ ಇಳಿಯೋಕೆ ಕಲಿಸುತ್ತೆ. ಅಂದರೆ ತಪ್ಪಿಸಿಕೊಳ್ಳೋದು ಸೋಮಾರಿತನ ಅಲ್ಲ, ಅವರ ಮಟ್ಟಿಗೆ ಅದು ಕೆಲಸಕ್ಕೆ ಬರುವ ಉಪಾಯ. ನೀವು ‘ಹೋಗಿ’ ಅನ್ನುವ ಪಕ್ಷ ಹಿಡಿದರೆ ಅವರಿಗೆ ಉಳಿಯೋದು ‘ಆಗಲ್ಲ’ ಅನ್ನುವ ಪಕ್ಷ ಮಾತ್ರ.

ನಾನು ನೋಡಿದ ಒಬ್ಬರ ವಿಷಯ ಹೇಳ್ತೀನಿ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ತುಂಬಿದ ಬಸ್ಸಲ್ಲಿ ಒಮ್ಮೆ ಉಸಿರು ಕಟ್ಟಿದಂತಾಗಿ, ಆಮೇಲೆ ಬಸ್ ಹತ್ತಿಲ್ಲ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ, ಇವರು ಮಾತ್ರ ಆಟೋಗೆ ದುಡ್ಡು ಕೊಡ್ತಿದ್ದರು. ‘ಫ್ರೀ ಬಸ್ ಇದೆಯಲ್ಲಮ್ಮಾ, ಏನಾಗುತ್ತೆ?’ ಅಂತ ಅತ್ತೆಯಿಂದ ಹಿಡಿದು ಲೈನ್ ಸೂಪರ್‌ವೈಸರ್ ತನಕ ಎಲ್ಲರೂ ಹೇಳಿಯಾಗಿತ್ತು.

‘ಬಸ್ ಅಂದ್ರೆ ಕೈಕಾಲು ನಡುಗುತ್ತೆ ಮೇಡಂ. ಆಟೋಗೇ ಸಂಬಳ ಹೋಗ್ತಿದೆ,’ ಅಂದರು.

‘ಬಸ್ ಹತ್ತೋಕೆ ಜೀವ ಒಪ್ಪಲ್ಲ, ದುಡಿದದ್ದೆಲ್ಲ ಆಟೋಗೆ ಸುರಿಯೋಕೂ ಮನಸ್ಸಿಲ್ಲ,’ ಅಂದು ಸುಮ್ಮನಾದೆ.

ಸ್ವಲ್ಪ ಹೊತ್ತಾದ ಮೇಲೆ, ‘ಮಗಳ ಫೀಸ್ ಕಟ್ಟಬೇಕು. ಹೀಗೇ ಎಷ್ಟು ದಿನ ಅಂತ?’ ಅಂದರು.

ನೀವು ಕಿವಿಗೊಡಬೇಕಾದ್ದು ಆ ಮಾತಿಗೆ. ಸಲಹೆ ಕೊಡೋಕೆ ನಾಲಿಗೆ ತುರಿಸುತ್ತೆ, ತಡೆದುಕೊಳ್ಳಿ. ಫೀಸ್ ಬಗ್ಗೆ, ಮಗಳ ಬಗ್ಗೆ ಕೇಳಿ.

ಬದಲಾವಣೆ ಎಷ್ಟು ಮುಖ್ಯ, ಆಗುತ್ತೆ ಅನ್ನೋ ಭರವಸೆ ಎಷ್ಟು ಅಂತ ಕೇಳಿ ನಂಬರ್ ಹೇಳಿಸುವ ಸೊನ್ನೆಯಿಂದ ಹತ್ತರ ಅಳತೆಯನ್ನು ಕ್ಲಾಸಲ್ಲಿ ಕಲಿತಿರುತ್ತೀರಿ. ಆತಂಕ ಇರುವವರಲ್ಲಿ ಅನೇಕರು ‘ಎಷ್ಟು ಮುಖ್ಯ?’ ಅಂದರೆ ಒಂಬತ್ತು ಅಂತಾರೆ, ‘ಆಗುತ್ತೆ ಅನ್ನೋ ಭರವಸೆ ಎಷ್ಟು?’ ಅಂದರೆ ಎರಡಕ್ಕೋ ಮೂರಕ್ಕೋ ನಿಲ್ತಾರೆ. ಹಾಗಾಗಿ ಎರಡನೇ ಪ್ರಶ್ನೆಯಲ್ಲೇ ಹೆಚ್ಚು ಹೊತ್ತು ಕೂರಿ. ‘ಎಂಟು ಯಾಕಲ್ಲ?’ ಅಂದರೆ ಭಯಗಳ ಪಟ್ಟಿ ಬರುತ್ತೆ. ‘ಸೊನ್ನೆ ಅನ್ನಲಿಲ್ಲ, ಮೂರು ಅಂದಿರಿ, ಯಾಕೆ?’ ಅಂತ ಕೇಳಿದ್ದಕ್ಕೆ ಈಕೆ, ‘ನಮ್ಮೆಜಮಾನ್ರು ಜೊತೆಗಿದ್ರೆ ಎರಡು ಸ್ಟಾಪ್ ಹೋಗಬಲ್ಲೆ’ ಅಂದರು. ಮೊದಲ ಹೆಜ್ಜೆ ಏನು ಅಂತ ಅವರೇ ಹೇಳಿದಂತಾಯಿತು. ಸರಿಯಾದ ನಂಬರ್ ಅಂತ ಯಾವುದೂ ಇಲ್ಲ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅದಕ್ಕೂ ಪರೀಕ್ಷೆ ಬರೆಯುವವರಂತೆ ಗಾಬರಿ ಆಗ್ತಾರೆ. ‘ನಿಮ್ಮ ಬಗ್ಗೆ ಹೇಳಿ’ ಅನ್ನುವಂಥ ತೀರಾ ಅಗಲದ ಪ್ರಶ್ನೆಯೂ ಅಷ್ಟೇ. ಲಾಭ ನಷ್ಟದ ಪಟ್ಟಿ ಬರೆಸೋದು ನನಗಂತೂ ಇಷ್ಟವಿಲ್ಲ. ಮೊದಲೇ ಹಗಲೂ ರಾತ್ರಿ ತೂಗಿ ನೋಡುವವರು ಅವರು.

ಇನ್ನು ಆ ‘ಹೂಂ ಮೇಡಂ’. ಅದು ಮರ್ಯಾದೆ, ಒಪ್ಪಿಗೆ ಅಲ್ಲ. ‘ಇದರಲ್ಲಿ ಯಾವುದು ನಿಮಗೆ ಸರಿಹೋಗಲ್ಲ?’ ಅಂತ ನೀವೇ ಕೇಳಿ, ಇಲ್ಲ ಅನ್ನೋಕೆ ದಾರಿ ಮಾಡಿಕೊಡಿ.

ಕೆನಡಾದ ಹೆನ್ನಿ ವೆಸ್ಟ್ರಾ ಮತ್ತು ಸಂಗಡಿಗರು ತೀವ್ರ ಆತಂಕ ಇರುವವರಿಗೆ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಜೊತೆ ಇದನ್ನು ಬೆರೆಸಿ ನೋಡಿ 2016ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಮುಗಿದಾಗ ಬರೀ ಸಿಬಿಟಿ ಪಡೆದವರಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ, ಒಂದು ವರ್ಷದ ನಂತರ ಬೆರೆಸಿದ ಗುಂಪೇ ಮುಂದಿತ್ತು. ಆದ್ದರಿಂದ ಎರಡು ಮೂರು ಭೇಟಿಯಲ್ಲಿ ಫಲ ಹುಡುಕಬೇಡಿ.

ಎದೆಬಡಿತ, ಸುಸ್ತು ಅಂದರೆ ಥೈರಾಯ್ಡ್, ರಕ್ತಹೀನತೆ ಇದೆಯಾ ಅಂತ ಮೊದಲು ಡಾಕ್ಟರ್ ನೋಡಲಿ. ಮನಸ್ಸು ಮಾಡಿದ ಮೇಲೆ ನಿಮ್ಹಾನ್ಸ್‌ಗೋ ಹತ್ತಿರದ ಮನೋವೈದ್ಯರಿಗೋ ಕಳಿಸಿ. ಅಷ್ಟು ದೂರ ಬರೋಕಾಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸಾಯುವ ಮಾತು ಬಂದರೆ ಮಾತ್ರ ಇದೆಲ್ಲ ಬದಿಗಿಟ್ಟು ಅವರನ್ನು ಒಂಟಿಯಾಗಿ ಬಿಡದೆ ಅದೇ ಕ್ಷಣ ನಿಮ್ಮ ಸೂಪರ್‌ವೈಸರ್‌ಗೆ ತಿಳಿಸಿ.